ನಾಲ್ಕು ವರ್ಷ ಸುಮ್ನಿದ್ದ ವಾಷಿಂಗ್ ಮಷಿನ್ ಮನೆ ಬದಲಿಸಿದ ಮೇಲೆ ಯಾಕೆ ಕುಣಿಯುತ್ತಿದೆ?

ಪ್ರಶ್ನೆ: ನಮ್ಮದು 7 ಕೆ.ಜಿ.ಯ ಫ್ರಂಟ್ ಲೋಡ್ ಮಷಿನ್. ಗದಗದಲ್ಲಿದ್ದಾಗ ನಾಲ್ಕು ವರ್ಷ ಒಂದು ದಿನವೂ ತಕರಾರು ಮಾಡಲಿಲ್ಲ. ಯಜಮಾನರಿಗೆ ವರ್ಗವಾಗಿ ಎರಡು ತಿಂಗಳ ಹಿಂದೆ ಧಾರವಾಡದ ಸಪ್ತಾಪುರಕ್ಕೆ ಬಂದೆವು. ಮೊದಲ ಮಹಡಿಯ ಬಾಡಿಗೆ ಮನೆ, ಮಷಿನ್ ಇಟ್ಟಿರುವುದು ಹಿಂದಿನ ಬಾಲ್ಕನಿಯಲ್ಲಿ. ಈಗ ಬಟ್ಟೆ ಹಿಂಡುವಾಗ ಮಷಿನ್ ಗಡಗಡ ನಡುಗಿ ಒಂದು ಗೇಣು ಮುಂದಕ್ಕೆ ಬಂದು ನಿಲ್ಲುತ್ತದೆ. ಒಮ್ಮೆ ನೀರಿನ ಪೈಪು ಕಿತ್ತುಕೊಂಡು ಬಾಲ್ಕನಿ ತುಂಬ ನೀರಾಯಿತು. ಆನ್‌ಲೈನ್‌ನಲ್ಲಿ ರಬ್ಬರ್ ಪ್ಯಾಡ್ ತರಿಸಿದೆ, ಜಾಸ್ತಿಯೇ ಆಯಿತು. ಗಾಲಿ ಇರುವ ಸ್ಟ್ಯಾಂಡ್ ಮೇಲೆ ಇಟ್ಟೆ, ಇನ್ನೂ ಜಾಸ್ತಿ. ಒಬ್ಬ ಮೆಕ್ಯಾನಿಕ್ ಬಂದು ಹತ್ತು ನಿಮಿಷ ನೋಡಿ ಬೇರಿಂಗ್ ಹೋಗಿದೆ ಅಂದ. ಕೆಳಗಿರುವ ಮನೆ ಮಾಲೀಕರು ಸ್ಲ್ಯಾಬ್ ಬಿರುಕು ಬಿಡುತ್ತದೆ ಅನ್ನುತ್ತಿದ್ದಾರೆ. ಸ್ಪಿನ್ ಶುರುವಾದರೆ ಮಷಿನ್ ಹಿಡ್ಕೊಂಡು ನಿಂದರೂದ ನನ್ನ ಕೆಲಸ ಆಗೇತ್ರಿ. ಹೊಸದು ತಗೊಳ್ಳಬೇಕಾ?
— ಓದುಗರು, ಧಾರವಾಡ

ಉತ್ತರ: ಮೊದಲು ಒಂದು ಮಾತು. ಇನ್ನು ಮುಂದೆ ಮಷಿನ್ ಹಿಡ್ಕೊಂಡು ನಿಲ್ಲಬೇಡಿ. ಕಾಲ ಕೆಳಗೆ ಒದ್ದೆ ನೆಲ, ಪಕ್ಕದಲ್ಲಿ ಕರೆಂಟು. ಅರವತ್ತು ಕೆ.ಜಿ. ಮೇಲಿನ ತೂಕದ ಪೆಟ್ಟಿಗೆ ಕೈಗೆ ನಿಲ್ಲುವುದೂ ಇಲ್ಲ. ಕುಣಿಯಲು ಶುರು ಮಾಡಿದರೆ ಪಾಸ್ (Pause) ಬಟನ್ ಒತ್ತಿ, ಗೋಡೆಯ ಸ್ವಿಚ್ ಆರಿಸಿ.

ಹೊಸದು ಬೇಕಾ? ನೀವು ಬರೆದಿದ್ದನ್ನು ಓದಿದರೆ ಬೇಡ ಅನ್ನಿಸುತ್ತದೆ. ಬೇರಿಂಗ್ ಮಾತನ್ನೂ ನಾನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮಷಿನ್ ನಡೀತದ್ರಿ ಅಂತ ಫೋನ್ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಇತ್ತೀಚೆಗೆ ಏನು ಬದಲಾಯಿತು? ನಿಮ್ಮ ಪತ್ರದಲ್ಲಿ ಉತ್ತರ ಇದೆ. ಮನೆ ಬದಲಾಯಿತು, ನೆಲ ಬದಲಾಯಿತು, ಮಷಿನ್ ಗಾಡಿ ಹತ್ತಿ ಇಳಿಯಿತು. ಬೇರಿಂಗ್‌ಗೆ ಮನೆ ಬದಲಾಗಿದ್ದು ಗೊತ್ತಾಗುವುದಿಲ್ಲ ಅಲ್ವಾ?

ಬೇರಿಂಗ್ ಹಾಳಾಗುವಾಗ ಸುಮ್ನೆ ಹಾಳಾಗುವುದಿಲ್ಲ. ತಿಂಗಳುಗಟ್ಟಲೆ ಮೊದಲೇ ಸದ್ದು ಶುರುವಾಗುತ್ತದೆ. ಸ್ಪಿನ್ ಏರಿದಂತೆ ಹಿಟ್ಟಿನ ಗಿರಣಿ ಹಾಗೆ ಗುಂಯ್‌ಗುಡುತ್ತದೆ, ಪಕ್ಕದ ಕೋಣೆಯಲ್ಲಿ ಮಾತು ಕೇಳಿಸುವುದಿಲ್ಲ. ನಡುಕ ಬರುವುದು ಆಮೇಲೆ. ನೀವೇ ನೋಡಬಹುದು. ಮಷಿನ್ ಆರಿಸಿ, ಬಾಗಿಲು ತೆಗೆದು, ಖಾಲಿ ಡ್ರಮ್ಮನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ನುಣುಪಾಗಿ ತಿರುಗಿದರೆ ಸರಿ. ಒಳಗೆ ಮರಳು ಅರೆದ ಹಾಗೆ ಗರಗರ ಅಂದರೆ ಅನುಮಾನ. ಆಮೇಲೆ ಒಳಗಿನ ಸ್ಟೀಲ್ ಡ್ರಮ್ಮಿನ ಅಂಚನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಹೊರಗಿನ ಟಬ್ಬೂ ಜೊತೆಗೇ ಅಲ್ಲಾಡಿದರೆ ಚಿಂತೆ ಇಲ್ಲ. ಸ್ಟೀಲ್ ಡ್ರಮ್ ಒಂದೇ ಲಟಲಟ ಅಂದರೆ ಬೇರಿಂಗ್ ಸಡಿಲ. ಎರಡೂ ಇಲ್ಲದಿದ್ದರೆ ಆ ಮೆಕ್ಯಾನಿಕ್‌ಗೆ ಒಂದು ನಮಸ್ಕಾರ ಹೇಳಿ. ಬೇರಿಂಗ್ ಬದಲಿಸುವುದು ಅಂದರೆ ಮಷಿನ್ ಪೂರ್ತಿ ಬಿಚ್ಚುವ ಕೆಲಸ. ಕೆಲವು ಮಾಡೆಲ್‌ಗಳಲ್ಲಿ ಟಬ್ ಅಂಟಿಸಿ ಮುಚ್ಚಿರುತ್ತಾರೆ, ಇಡೀ ಟಬ್ ಬದಲಿಸಬೇಕು. ಹತ್ತು ನಿಮಿಷ ನೋಡಿ ಹೇಳುವ ಮಾತಲ್ಲ ಅದು.

ಹಾಗಾದರೆ ಕುಣಿಸುವುದು ಯಾವುದು? ನಮ್ಮ ಕಡೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುತ್ತಿದ್ದರು. ನಿಂಬೆಹಣ್ಣಿನಷ್ಟು ಕಲ್ಲು. ಆದರೆ ಜೋರಾಗಿ ತಿರುಗಿಸಿದಾಗ ತೋಳನ್ನೇ ಕಿತ್ತುಕೊಂಡು ಹೋಗುವ ಹಾಗೆ ಎಳೆಯುತ್ತದೆ. ಡ್ರಮ್ಮಿನಲ್ಲೂ ಅದೇ. ಬಟ್ಟೆ ಸುತ್ತಲೂ ಸಮನಾಗಿ ಹರಡದೆ ಒಂದು ಕಡೆ ಅರ್ಧ ಕೆ.ಜಿ. ಜಾಸ್ತಿ ಕೂತಿತು ಅಂತಿಟ್ಟುಕೊಳ್ಳಿ. ಸುಮಾರು 48 ಸೆಂ.ಮೀ. ಅಗಲದ ಡ್ರಮ್ ನಿಮಿಷಕ್ಕೆ 1200 ಸುತ್ತು ತಿರುಗಿದರೆ, ಆ ಅರ್ಧ ಕೆ.ಜಿ. ಹೊರಗೆ ಎಳೆಯುವ ಬಲ 190 ಕೆ.ಜಿ. ತೂಕಕ್ಕೆ ಸಮ. ಅದೂ ಸೆಕೆಂಡಿಗೆ 20 ಸಲ ದಿಕ್ಕು ಬದಲಿಸುತ್ತ. ಅದೇ ಬಟ್ಟೆ 800 ಸುತ್ತಿನಲ್ಲಿ ತಿರುಗಿದರೆ ಬಲ 85 ಕೆ.ಜಿ.ಗೆ ಇಳಿಯುತ್ತದೆ. ವೇಗ ಮೂರರಲ್ಲಿ ಒಂದು ಪಾಲು ಕಡಿಮೆ, ಎಳೆತ ಅರ್ಧಕ್ಕಿಂತ ಕಡಿಮೆ. ಈ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಷ್ಟು ಬಲವನ್ನು ನೆಲಕ್ಕೆ ಬಿಡದಿರಲೆಂದೇ ಟಬ್ಬನ್ನು ಮೇಲಿನಿಂದ ಸ್ಪ್ರಿಂಗ್‌ಗಳಲ್ಲಿ ತೂಗುಹಾಕಿ, ಕೆಳಗಿನಿಂದ ಬೈಕಿನ ಶಾಕಪ್ ತರಹದ ಡ್ಯಾಂಪರ್ ಕೊಟ್ಟಿರುತ್ತಾರೆ. ಟಬ್ಬಿಗೆ ಕಾಂಕ್ರೀಟಿನ ಗಡ್ಡೆಗಳನ್ನೂ ಬಿಗಿದಿರುತ್ತಾರೆ. ಫ್ರಂಟ್ ಲೋಡ್ ಮಷಿನ್ ಅಷ್ಟು ಭಾರ ಇರುವುದು ಅದಕ್ಕೇ. ಸ್ಪಿನ್ ಶುರುವಾಗುವಾಗ, ವೇಗ ಇನ್ನೂ ಕಡಿಮೆ ಇರುವಾಗ, ಟಬ್ ಒಮ್ಮೆ ಜೋರಾಗಿ ಓಲಾಡಿ ಆಮೇಲೆ ತಣ್ಣಗಾಗುತ್ತದೆ. ಅದು ರೋಗವಲ್ಲ. ಸ್ಪ್ರಿಂಗಿನ ಓಲಾಟಕ್ಕೂ ಡ್ರಮ್ಮಿನ ಸುತ್ತಿಗೂ ಒಂದು ಹಂತದಲ್ಲಿ ತಾಳ ಕೂಡುತ್ತದೆ, ಅದನ್ನು ದಾಟಿದರೆ ಸರಿಹೋಗುತ್ತದೆ. ವೇಗ ಏರಿದಷ್ಟೂ ನಡುಕ ಏರಿದರೆ ಮಾತ್ರ ಕೆಳಗೆ ಬಗ್ಗಿ ನೋಡಬೇಕು.

ನಿಮ್ಮ ಪ್ಯಾಡ್, ಸ್ಟ್ಯಾಂಡ್ ವಿಚಾರಕ್ಕೆ ಬರೋಣ. ಗಾಲಿ ಸ್ಟ್ಯಾಂಡ್ ಅಂದರೆ ನನಗೆ ತಲೆನೋವು. ಮಷಿನ್ ಕೆಳಗೆ ಕಸ ಹೊಡೆಯಬಹುದು, ಇಲಿ ಸೇರುವುದು ಕಾಣುತ್ತದೆ ಅಂತ ಜನ ತರಿಸುತ್ತಾರೆ. ಇಲಿಯ ಚಿಂತೆ ನಿಜವೇ. ವೈರ್ ಕಡಿದ ಎಷ್ಟೋ ಮಷಿನ್ ಬಿಚ್ಚಿದ್ದೇನೆ. ಆದರೆ ಫ್ರಂಟ್ ಲೋಡ್ ಮಷಿನ್ನಿಗೆ ಗಾಲಿ ಕೊಡುವುದು ಅಂದರೆ ಓಡು ಅಂತ ನಾವೇ ಹೇಳಿದ ಹಾಗೆ. ಬ್ರೇಕ್ ಹಾಕಿದರೂ ಆ ತೆಳು ಪೈಪಿನ ಚೌಕಟ್ಟು ಬಳುಕುತ್ತದೆ. ಇವತ್ತೇ ತೆಗೆಯಿರಿ. ಇಲಿಗೆ ಕೆಳಗಡೆ ಜಾಲರಿ ಹೊಡೆಸಿದರೆ ಸಾಕು.

ರಬ್ಬರ್ ಪ್ಯಾಡ್ ಮೋಸವೇನಲ್ಲ, ಆದರೆ ಅದರ ಕೆಲಸ ಬೇರೆ. ನುಣುಪಾದ ಟೈಲ್ಸ್ ಮೇಲೆ ಕಾಲು ಜಾರದಂತೆ ಹಿಡಿಯುತ್ತದೆ, ಕೆಳಗಿನ ಮನೆಗೆ ಹೋಗುವ ಸದ್ದು ಸ್ವಲ್ಪ ತಗ್ಗಿಸುತ್ತದೆ. ಸಮತಟ್ಟಿಲ್ಲದ ಮಷಿನ್ನನ್ನು ಅದು ಸಮ ಮಾಡುವುದಿಲ್ಲ. ಮೆತ್ತಗಿನ ದಪ್ಪ ಪ್ಯಾಡ್ ಕೊಟ್ಟರೆ ಒಳಗಿನ ಸ್ಪ್ರಿಂಗ್ ಸಾಲದೆಂಬಂತೆ ಹೊರಗೂ ಒಂದು ಸ್ಪ್ರಿಂಗ್ ಸೇರಿಸಿದಂತಾಗುತ್ತದೆ. ನಿಮ್ಮಲ್ಲಿ ಜಾಸ್ತಿಯಾಗಿದ್ದು ಅದಕ್ಕೇ ಇರಬೇಕು.

ಕೇಶ್ವಾಪುರದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಮಷಿನ್ ಮೇಲೆ ಒಳಕಲ್ಲಿನ ಗುಂಡು ಇಡಿಸಿದ್ದರು. ವಜ್ಜಿ ಇದ್ರ ಅಳ್ಳಾಡೂದಿಲ್ಲ ಅಂತ ಅವರ ಲೆಕ್ಕ. ಗುಂಡು ಉರುಳಿ ಬಿದ್ದು ಟೈಲ್ಸ್ ಒಡೆದಿತ್ತು. ಮೊಮ್ಮಗನ ಕಾಲು ತಪ್ಪಿದ್ದು ಪುಣ್ಯ. ಮೇಲೆ ಭಾರ ಇಟ್ಟರೆ ಏನೂ ಪ್ರಯೋಜನವಿಲ್ಲ. ಕಾಲುಗಳನ್ನು ನೆಲಕ್ಕೆ ಬೋಲ್ಟ್ ಹೊಡೆಸುವುದೂ ಬೇಡ. ಮಷಿನ್ ನಿಲ್ಲುತ್ತದೆ, ನಡುಕ ನಿಲ್ಲುವುದಿಲ್ಲ, ನೇರ ಸ್ಲ್ಯಾಬಿಗೆ ಇಳಿಯುತ್ತದೆ.

ಈಗ ಕಾಲು. ನಾನು ನೋಡಿದ ಕುಣಿಯುವ ಮಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಬೇಕಾಗಿದ್ದು ಒಂದು ಪಾನಾ ಮತ್ತು ಅರ್ಧ ಗಂಟೆ. ನಿಮ್ಮ ಮಷಿನ್ನಿಗೆ ನಾಲ್ಕು ತಿರುಗಿಸುವ ಕಾಲುಗಳಿವೆ. ನಾಲ್ಕೂ ನೆಲಕ್ಕೆ ಒಂದೇ ಸಮ ಒತ್ತಿಕೊಂಡಿರಬೇಕು. ಕಣ್ಣಿಗೆ ನಾಲ್ಕೂ ನೆಲ ಮುಟ್ಟಿದಂತೆ ಕಾಣುತ್ತವೆ, ನಂಬಬೇಡಿ. ಒಂದು ಲಗ್ನಪತ್ರಿಕೆಯ ಕಾರ್ಡ್ ತಗೊಂಡು ಪ್ರತಿ ಕಾಲಿನ ಕೆಳಗೂ ತೂರಿಸಿ ನೋಡಿ. ಮೂರಕ್ಕೆ ಹೋಗುವುದಿಲ್ಲ, ನಾಲ್ಕನೆಯದಕ್ಕೆ ಸಲೀಸಾಗಿ ಹೋಗುತ್ತದೆ. ಆಮೇಲೆ ಮಷಿನ್ನಿನ ಎದುರುಬದುರು ಮೂಲೆಗಳನ್ನು ಅಂಗೈಯಿಂದ ಒತ್ತಿ. ಟಕ್ ಅಂದರೆ ಅಲ್ಲಿದೆ ಕಾರಣ.

ಸರಿಮಾಡುವ ಕ್ರಮ ಹೀಗೆ. ಮೊದಲು ಎಲ್ಲ ಕಾಲನ್ನೂ ಆದಷ್ಟು ಒಳಗೆ ತಿರುಗಿಸಿ ಮಷಿನ್ ತಗ್ಗಿಸಿ. ಉದ್ದ ಕಾಲಿನ ಮೇಲೆ ನಿಂತ ಮಷಿನ್ ಜಾಸ್ತಿ ಅಲ್ಲಾಡುತ್ತದೆ. ಮೇಲೆ ಗೌಂಡಿಗಳು ಬಳಸುವ ರಸಮಟ್ಟ ಇಟ್ಟು, ಉದ್ದಕ್ಕೂ ಅಡ್ಡಕ್ಕೂ ನೋಡುತ್ತ, ತಗ್ಗಿದ ಕಡೆಯ ಕಾಲನ್ನು ಮಾತ್ರ ಇಳಿಸಿ. ರಸಮಟ್ಟ ಇಲ್ಲದಿದ್ದರೆ ಮೊಬೈಲಿನಲ್ಲೂ ಅಂಥ ಆ್ಯಪ್ ಇರುತ್ತದೆ, ಸದ್ಯಕ್ಕೆ ಸಾಕು. ಕೊನೆಗೆ, ಹತ್ತರಲ್ಲಿ ಎಂಟು ಜನ ಬಿಟ್ಟುಬಿಡುವ ಕೆಲಸ: ಪ್ರತಿ ಕಾಲಿನಲ್ಲೂ ಒಂದು ಚೆಕ್ ನಟ್ ಇರುತ್ತದೆ. ಅದನ್ನು ಮೇಲಕ್ಕೆ ತಿರುಗಿಸಿ ಮಷಿನ್ನಿನ ತಳಕ್ಕೆ ಬಿಗಿಯಾಗಿ ಕೂರಿಸಬೇಕು. ಅದು ಸಡಿಲ ಇದ್ದರೆ ಇವತ್ತು ಸರಿಮಾಡಿದ ಕಾಲು ಹದಿನೈದು ದಿನದಲ್ಲಿ ನಡುಗಿ ನಡುಗಿ ತಾನೇ ತಿರುಗಿಕೊಳ್ಳುತ್ತದೆ. ಮಷಿನ್ ಓರೆ ಮಾಡಲು ಇನ್ನೊಬ್ಬರು ಇರಲಿ. ಪ್ಲಗ್ ತೆಗೆದಿರಿ. ಹಿಂದೆ ಗೋಡೆಗೆ ಒಂದಿಷ್ಟು ಜಾಗ ಬಿಟ್ಟು ಪೈಪನ್ನು ಎಳೆದಂತಿರದೆ ಸಡಿಲವಾಗಿ ಬಿಡಿ.

ನಿಮ್ಮ ಬಾಲ್ಕನಿ ಬಗ್ಗೆ ನನಗೆ ಎರಡು ಅನುಮಾನ. ಒಂದು, ಇಳಿಜಾರು. ನೀರು ಜಾಲಿಗೆ ಹರಿಯಲೆಂದು ಬಾಲ್ಕನಿಯ ನೆಲಕ್ಕೆ ಓಟ ಕೊಟ್ಟಿರುತ್ತಾರೆ. ಮಷಿನ್ ನಡೆದುಬರುವ ದಿಕ್ಕು ಜಾಲಿಯ ದಿಕ್ಕೇ ಇರಬೇಕು, ನೋಡಿ. ಕಾಲು ಸರಿಮಾಡಿದರೆ ಅರ್ಧ ಗೆದ್ದಂತೆ. ಎರಡು, ಟೈಲ್ಸ್. ಒಂದು ರೂಪಾಯಿ ನಾಣ್ಯ ತಗೊಂಡು ಮಷಿನ್ ಕಾಲಿರುವ ಟೈಲ್ಸ್ ಮೇಲೆ ಬಡಿಯಿರಿ. ಗಟ್ಟಿ ನೆಲ ಟಣ್ ಅನ್ನುತ್ತದೆ. ಕೆಳಗೆ ಸಿಮೆಂಟ್ ತುಂಬಿರದ ಟೈಲ್ಸ್ ಡಬ್ ಡಬ್ ಅನ್ನುತ್ತದೆ, ಬೋರಲು ಹಾಕಿದ ಕೊಡ ಬಡಿದ ಹಾಗೆ. ಅಂಥ ಟೈಲ್ಸ್ ಮೇಲೆ ಯಾವ ಮಷಿನ್ನೂ ನಿಲ್ಲುವುದಿಲ್ಲ, ಒಂದು ದಿನ ಟೈಲ್ಸೇ ಒಡೆಯುತ್ತದೆ. ಗದಗದ ಮನೆಯಲ್ಲಿ ನೆಲಮಹಡಿ, ಶಹಾಬಾದ್ ಫರ್ಸಿ ಇತ್ತೇನೋ? ಆ ನೆಲ ನೋಡಲು ಒರಟು, ಆದರೆ ಮಷಿನ್ನಿಗೆ ಅದರಂಥ ನೆಲ ಇಲ್ಲ.

ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಎರೆಭೂಮಿಯ ಮೇಲೆ ಮನೆ ಕಟ್ಟಿದವರಿಗೆ ಇನ್ನೊಂದು ತಮಾಷೆ ಇದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ತಳಪಾಯ ಸರಿ ಇಲ್ಲದ ಮನೆಯ ನೆಲವೂ ಅದರ ಜೊತೆ ಏರಿ ಇಳಿಯುತ್ತದೆ. ಬೇಸಿಗೆಯಲ್ಲಿ ಸರಿಮಾಡಿಕೊಟ್ಟ ಮಷಿನ್ ಶ್ರಾವಣದಲ್ಲಿ ಮತ್ತೆ ಟಕ್ ಅನ್ನುತ್ತದೆ. ನೀವು ಮೊದಲ ಮಹಡಿಯಲ್ಲಿದ್ದೀರಿ, ನಿಮಗೆ ಈ ತೊಂದರೆ ಕಡಿಮೆ.

ಮಾಲೀಕರ ಸ್ಲ್ಯಾಬ್ ಭಯಕ್ಕೆ ಉತ್ತರ: ಸರಿಯಾಗಿ ಕಟ್ಟಿದ ಆರ್‌ಸಿಸಿ ಸ್ಲ್ಯಾಬ್ ವಾಷಿಂಗ್ ಮಷಿನ್ನಿಗೆ ಬಿರುಕು ಬಿಡುವುದಿಲ್ಲ. ಆದರೆ ಗೋಡೆಯಿಂದ ಹೊರಗೆ ಚಾಚಿದ ಬಾಲ್ಕನಿಯ ತುದಿ ಒಳಗಿನ ಸ್ಲ್ಯಾಬಿಗಿಂತ ಜಾಸ್ತಿ ಅದುರುತ್ತದೆ. ಸದ್ದು ಕೆಳಗೆ ಹೋಗುವುದೂ ನಿಜ. ಅವರ ನೆತ್ತಿ ಮೇಲೆ ರಾತ್ರಿ ಹತ್ತಕ್ಕೆ ಗಡಗಡ ಅಂದರೆ ಯಾರಿಗಾದರೂ ಸ್ಲ್ಯಾಬ್ ನೆನಪಾಗುತ್ತದೆ. ಮಷಿನ್ನನ್ನು ಕಟಾಂಜನದ ಕಡೆಯಿಂದ ಮನೆಯ ಗೋಡೆಯ ಮೂಲೆಗೆ ಸರಿಸಿ. ಬಾಲ್ಕನಿಯಲ್ಲಿ ಹಳೆಯ ಬಿರುಕು, ಉದುರಿದ ಗಾರೆ, ಹೊರಗೆ ಕಾಣುವ ತುಕ್ಕು ಹಿಡಿದ ಸರಳು ಏನಾದರೂ ಇದ್ದರೆ ಮಾತ್ರ ಅದು ಎಂಜಿನಿಯರ್ ನೋಡಬೇಕಾದ ವಿಷಯ. ಆಗ ಮಷಿನ್ ಅಲ್ಲಿ ಇಡಲೇಬೇಡಿ.

ಟೈಲ್ಸ್ ಪೊಳ್ಳಾಗಿದ್ದರೆ ಏನು ಮಾಡುವುದು? ಮಾಲೀಕರು ಒಪ್ಪಿದರೆ ಆ ನಾಲ್ಕಾರು ಟೈಲ್ಸ್ ತೆಗೆಸಿ, ಸಿಮೆಂಟ್ ಹಾಸಿ ಕಡಪಾ ಕಲ್ಲು ಕೂರಿಸುವುದು ಒಳ್ಳೆಯದು. ಕಲ್ಲನ್ನು ಟೈಲ್ಸ್ ಮೇಲೆ ಸುಮ್ನೆ ಇಟ್ಟರೆ ಅದೇ ಅಲ್ಲಾಡುತ್ತದೆ. ಬಾಡಿಗೆ ಮನೆಯಲ್ಲಿ ಅಷ್ಟೆಲ್ಲ ಬೇಡ ಅಂದರೆ 18 ಎಂ.ಎಂ. ದಪ್ಪದ ನೀರು ತಾಳುವ ಪ್ಲೈವುಡ್ ಹಲಗೆಯನ್ನು ಮಷಿನ್ನಿಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಕೆಳಗೆ ತೆಳು ರಬ್ಬರ್ ಶೀಟ್ ಹಾಸಿ ಇಡಬಹುದು. ಭಾರ ನಾಲ್ಕು ಚುಕ್ಕೆಯ ಬದಲು ಪೂರ್ತಿ ಹಲಗೆಗೆ ಹಂಚಿಹೋಗುತ್ತದೆ. ಒಂದು ಕೊರತೆ ಇದೆ. ಬಾಲ್ಕನಿಯಲ್ಲಿ ಮಳೆನೀರು ಬಿದ್ದರೆ ಒಂದೆರಡು ವರ್ಷದಲ್ಲಿ ಹಲಗೆ ಉಬ್ಬಬಹುದು. ಉಬ್ಬಿದ ಹಲಗೆ ಖಾಲಿ ನೆಲಕ್ಕಿಂತ ಕೆಟ್ಟದ್ದು. ಮಹಡಿಯ ಬಾಲ್ಕನಿಯಲ್ಲಿ ದಪ್ಪ ಕಾಂಕ್ರೀಟ್ ಕಟ್ಟೆ ಕಟ್ಟಿಸುವ ಯೋಚನೆ ಮಾತ್ರ ಮಾಡಬೇಡಿ. ಅದರ ತೂಕವೇ ಮಷಿನ್ನಿಗಿಂತ ಎಷ್ಟೋ ಪಾಲು ಜಾಸ್ತಿ.

ನೆಲ, ಕಾಲು ಸರಿಯಾದ ಮೇಲೆ ಒಂದು ಪರೀಕ್ಷೆ ಮಾಡಿ. ಬಟ್ಟೆ ಹಾಕದೆ ಸ್ಪಿನ್ ಮಾತ್ರ ಓಡಿಸಿ. ಖಾಲಿ ಮಷಿನ್ ತಣ್ಣಗೆ ನಿಂತು, ಬಟ್ಟೆ ಹಾಕಿದಾಗ ಮಾತ್ರ ಕುಣಿದರೆ ತಪ್ಪು ಹೆಚ್ಚಾಗಿ ಬಟ್ಟೆ ತುಂಬುವ ರೀತಿಯಲ್ಲಿರುತ್ತದೆ.

ಇಲ್ಲಿ ಎಲ್ಲರೂ ಎಡವುತ್ತಾರೆ. ಕಡಿಮೆ ಬಟ್ಟೆ ಹಾಕಿದರೆ ಮಷಿನ್ನಿಗೆ ಆರಾಮ ಅಂತ ಅಂದುಕೊಳ್ಳುತ್ತಾರೆ. ಉಲ್ಟಾ. ಎರಡು ಟವೆಲ್ ಹಾಕಿದರೆ ಅವು ಸುತ್ತಲೂ ಹರಡಲು ಸಾಲುವುದಿಲ್ಲ, ಮುದ್ದೆಯಾಗಿ ಒಂದು ಕಡೆ ಕೂರುತ್ತವೆ. ಡ್ರಮ್ ಮುಕ್ಕಾಲು ತುಂಬಿದರೆ ಚೆಂದ. ದೊಡ್ಡದು ಚಿಕ್ಕದು ಬೆರೆಸಿ ಹಾಕಿ. ಇನ್ನು ನಮ್ಮ ಕಡೆಯ ಮನೆಗಳಲ್ಲಿ ಮಷಿನ್ನಿನ ದೊಡ್ಡ ಶತ್ರು ಕೌದಿ. ಹಳೆ ಸೀರೆ, ಧೋತರ ಪದರ ಪದರ ಸೇರಿಸಿ ಅವ್ವ ಹೊಲಿದ ಕೌದಿ ಒಣಗಿದಾಗ ಹಗುರ. ನೀರು ಕುಡಿದರೆ ಕರುವಿನಷ್ಟು ಭಾರ. ಅದೊಂದನ್ನೇ ಮಷಿನ್ನಿಗೆ ತುರುಕಿದರೆ ಉರುಳೆಯಾಗಿ ಸುತ್ತಿಕೊಂಡು ಒಂದು ಕಡೆ ಕೂರುತ್ತದೆ. ಮಷಿನ್ ಮತ್ತೆ ಮತ್ತೆ ಆ ಕಡೆ ಈ ಕಡೆ ತಿರುಗಿಸಿ ಬಿಡಿಸಲು ನೋಡುತ್ತದೆ. ಟೈಮ್ ಒಂಬತ್ತು ನಿಮಿಷಕ್ಕೆ ನಿಂತು ಮುಂದೆ ಹೋಗುವುದೇ ಇಲ್ಲ. ಕೆಲವು ಮಷಿನ್‌ಗಳಲ್ಲಿ ಯುಇ ಅಂತ ತೋರಿಸುತ್ತದೆ. ಮಷಿನ್ ಕೆಟ್ಟಿದೆ ಅಂತಲ್ಲ, ಬಟ್ಟೆ ಸರಿಮಾಡಿ ಅಂತ ಕೇಳುತ್ತಿದೆ. ಕೌದಿಯನ್ನು ಕಲ್ಲಿನ ಮೇಲೆ ಒಗೆಯುವುದೇ ಸರಿ. ಜಮಖಾನೆಗೂ ಅದೇ ಮಾತು.

ರೇನ್‌ಕೋಟ್, ಮಕ್ಕಳ ಹಾಸಿಗೆಯ ರಬ್ಬರ್ ಶೀಟ್, ನೀರು ಹೀರದ ಕವರ್ ಇವನ್ನು ಸ್ಪಿನ್‌ಗೆ ಹಾಕಲೇಬೇಡಿ. ಅವುಗಳ ಮಡಿಕೆಯಲ್ಲಿ ನೀರು ಚೀಲದಂತೆ ನಿಂತು, ವೇಗ ಏರಿದಾಗ ಒಮ್ಮೆಲೇ ಚೆಲ್ಲುತ್ತದೆ. 2016ರಲ್ಲಿ ಅಮೆರಿಕದಲ್ಲಿ ಸುಮಾರು 28 ಲಕ್ಷ ಟಾಪ್ ಲೋಡ್ ಮಷಿನ್‌ಗಳನ್ನು ಕಂಪನಿ ವಾಪಸು ಕರೆಯಬೇಕಾಯಿತು. ಸ್ಪಿನ್ ಆಗುವಾಗ ಜೋರಾಗಿ ಅದುರಿ ಮೇಲಿನ ಭಾಗವೇ ಕಿತ್ತುಬರುತ್ತಿತ್ತು. ಅಲ್ಲಿ ಜನಕ್ಕೆ ಕೊಟ್ಟ ಎಚ್ಚರಿಕೆಯೂ ಅದೇ: ಹಾಸಿಗೆ ಬಟ್ಟೆ, ನೀರು ಹೀರದ ಬಟ್ಟೆಗೆ ವೇಗ ಕಡಿಮೆ ಇಡಿ.

ವೇಗದ ವಿಷಯ ಬಂತು. ಮೇಲೆ ಹೇಳಿದ ಲೆಕ್ಕ ಈಗ ಬಳಸಿ. ಸ್ಪಿನ್ 1200 ಇದ್ದದ್ದನ್ನು 800ಕ್ಕೆ ಇಳಿಸಿ. ಇದೂ ದುಡ್ಡು ಖರ್ಚಿಲ್ಲದ ಉಪಾಯ. ಬಟ್ಟೆ ಸ್ವಲ್ಪ ಹಸಿ ಇರುತ್ತದೆ, ಅಷ್ಟೇ. ಮಾರ್ಚ್‌ನಿಂದ ಮೇವರೆಗೆ ನಮ್ಮ ಬಿಸಿಲಿಗೆ 600 ಕೂಡ ಸಾಕು. ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗ ಮಾತ್ರ 1000 ಬೇಕೆನ್ನಿಸಬಹುದು.

ಖಾಲಿ ಇದ್ದಾಗಲೂ ಕುಣಿದರೆ? ಆಗ ನಿಮ್ಮ ಗದಗ-ಧಾರವಾಡ ಪ್ರಯಾಣ ನೆನಪು ಮಾಡಿಕೊಳ್ಳಬೇಕು. ಹೊಸ ಫ್ರಂಟ್ ಲೋಡ್ ಮಷಿನ್ ಬರುವಾಗ ಹಿಂಬದಿಯಲ್ಲಿ ಮೂರೋ ನಾಲ್ಕೋ ಉದ್ದನೆಯ ಬೋಲ್ಟ್ ಇರುತ್ತವೆ. ದಾರಿಯಲ್ಲಿ ಟಬ್ ಓಲಾಡದಂತೆ ಕಟ್ಟಿಹಾಕುವ ಬೋಲ್ಟ್ ಅವು. ಬಳಸುವ ಮೊದಲು ತೆಗೆಯಲೇಬೇಕು, ಮನೆ ಬದಲಿಸುವಾಗ ಮತ್ತೆ ಹಾಕಬೇಕು. ನವನಗರದಲ್ಲಿ ಒಬ್ಬರ ಮನೆಗೆ ಹೊಸ ಮಷಿನ್ ಬಂದಿತ್ತು. ಫಿಟ್ಟಿಂಗ್ ಹುಡುಗ ಬರುವುದು ತಡವಾಗಿ ಮಗನೇ ಪೈಪ್ ಜೋಡಿಸಿ ಚಾಲೂ ಮಾಡಿದ್ದ. ಮೊದಲ ಒಗೆತಕ್ಕೇ ಮಷಿನ್ ಬಚ್ಚಲ ಬಾಗಿಲಿಗೆ ಬಂದು ನಿಂತಿತ್ತು. ನಾಲ್ಕು ಬೋಲ್ಟ್ ಬಿಚ್ಚಿದೆ, ಅಷ್ಟೇ ಕೆಲಸ.

ನಿಮ್ಮದು ಇದರ ಉಲ್ಟಾ ಕಥೆ ಇರಬಹುದು. ಬೋಲ್ಟ್ ಇಲ್ಲದೆ ಟೆಂಪೋದಲ್ಲಿ ಮಲಗಿಸಿ ತಂದಿದ್ದರೆ, ಪ್ರತಿ ಹಂಪ್‌ಗೂ ಟಬ್ ಒಳಗೆ ಬಡಿದಿರುತ್ತದೆ. ಒಂದು ಸ್ಪ್ರಿಂಗ್ ಕೊಕ್ಕೆ ತಪ್ಪಿರಬಹುದು, ಡ್ಯಾಂಪರ್ ಪಿನ್ ಮುರಿದಿರಬಹುದು. ನೋಡುವುದು ಸುಲಭ. ಬಾಗಿಲು ತೆಗೆದು ಡ್ರಮ್ಮನ್ನು ಕೆಳಕ್ಕೆ ಒತ್ತಿ ಥಟ್ಟನೆ ಬಿಡಿ. ಒಮ್ಮೆ ಎದ್ದು ನಿಂತರೆ ಚೆನ್ನಾಗಿದೆ. ಹಳೆ ಬೈಕಿನ ಹಾಗೆ ಮೂರು ನಾಲ್ಕು ಸಲ ಜಿಗಿದರೆ ಡ್ಯಾಂಪರ್ ಸತ್ತಿದೆ. ಡ್ರಮ್ ಬಾಗಿಲಿನ ರಬ್ಬರಿನ ನಡುವೆ ಕೂರದೆ ಒಂದು ಕಡೆ ವಾಲಿದ್ದರೆ ಸ್ಪ್ರಿಂಗ್. ಎರಡೂ ಬೇರಿಂಗ್‌ಗೆ ಹೋಲಿಸಿದರೆ ಸಣ್ಣ ಕೆಲಸ. ಡ್ಯಾಂಪರ್ ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು ಒಂದು ಹಳೆಯದು ಇದ್ದರೆ ಟಬ್ ಮತ್ತೆ ವಾಲುತ್ತದೆ.

ಈ ವಾರ ಇಷ್ಟು ಮಾಡಿ: ಸ್ಟ್ಯಾಂಡ್, ಪ್ಯಾಡ್ ತೆಗೆಯಿರಿ, ಗೋಡೆಯ ಮೂಲೆಗೆ ಸರಿಸಿ, ನಾಣ್ಯ ಬಡಿದು ಟೈಲ್ಸ್ ನೋಡಿ, ಕಾಲು ಸಮ ಮಾಡಿ ಚೆಕ್ ನಟ್ ಬಿಗಿಯಿರಿ, ಖಾಲಿ ಸ್ಪಿನ್ ಓಡಿಸಿ. ಆಗಲೂ ನಿಲ್ಲದಿದ್ದರೆ ಮೆಕ್ಯಾನಿಕ್‌ನನ್ನು ಕರೆದು, ಸ್ಪ್ರಿಂಗ್ ಮತ್ತು ಡ್ಯಾಂಪರ್ ನೋಡಿ ಅಂತಲೇ ಹೇಳಿ. ಬೇರಿಂಗ್ ಅಂದರೆ ಡ್ರಮ್ ತಿರುಗಿಸಿ ಆ ಸದ್ದು ನಿಮಗೂ ಕೇಳಿಸಲು ಹೇಳಿ.

ಹಾಗೆಯೇ ಆ ಬೋಲ್ಟ್‌ಗಳನ್ನು ಹುಡುಕಿಡಿ. ಮಷಿನ್ ತಂದಾಗ ಕೊಟ್ಟ ಪುಸ್ತಕದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ, ಅಟ್ಟದ ಮೇಲೆ ಎಲ್ಲೋ ಇರುತ್ತವೆ. ಯಜಮಾನರಿಗೆ ಮತ್ತೆ ವರ್ಗವಾದಾಗ ಬೇಕು. ಸಿಗದಿದ್ದರೆ ಅದೇ ಮಾಡೆಲ್‌ಗೆ ಹೊಂದುವುದನ್ನು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಅದೂ ಆಗದಿದ್ದರೆ ಮಷಿನ್ ಮಲಗಿಸದೆ, ನಿಂತ ಹಾಗೇ ಟೆಂಪೋದ ಮೂಲೆಗೆ ಹಗ್ಗ ಕಟ್ಟಿಸಿ ಒಯ್ಯಿರಿ.